ಬಾಂಬೆ ಟಾಕೀಸಿನ ಹಿಮಾಂಶು ರಾಯರು

ಚಲಚ್ಚಿತ್ರವೊಂದನ್ನು ನೋಡಿ ಹೊರಬಂದವರು ಮೊದಲು ನಟನಟಿಯರ ಹೆಸರು ಹೇಳುತ್ತಾರೆ. ಸ್ವಲ್ಪ ತಿಳಿದವರಾದರೆ ನಿರ್ದೇಶಕರ ಹೆಸರು ಹೇಳಿಯಾರು. ಸಂಗೀತದ ರುಚಿಯುಳ್ಳವರಾದರೆ ಹಾಡಿಗೆ ರಾಗ ಹಾಕಿದವರನ್ನು ನೆನೆದಾರು. ಆದರೆ ಕಥೆಯನ್ನು ಆರಿಸಿ, ಹಣವನ್ನು ಕೂಡಿಸಿ, ನಾಲ್ಕು ದಿಕ್ಕಿನಿಂದ ಜನರನ್ನು ಕರೆತಂದು, ಅವರವರ ಜಗಳವನ್ನು ತೀರಿಸಿ, ಚಿತ್ರ ತೆರೆಗೆ ಬರುವವರೆಗೂ ನಿದ್ದೆಗೆಟ್ಟವನು ಯಾರು ಎಂದು ಕೇಳುವವರು ಬಹು ಕಡಮೆ. ಅಶೋಕ್ ಕುಮಾರ್, ದೇವಿಕಾ ರಾಣಿ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ಬಾಯಿಪಾಠವಾಗಿದ್ದವು. ಅವರನ್ನು ಒಂದೇ ಸೂರಿನ ಕೆಳಗೆ ತಂದು ನಿಲ್ಲಿಸಿದ ಹಿಮಾಂಶು ರಾಯರ ಹೆಸರು ಮಾತ್ರ ಮಾಸಿಹೋಗಿದೆ. ರಾಯರು ಎಂದೊಡನೆ ನಮ್ಮ ಕಡೆಯವರಿಗೆ ಮಂತ್ರಾಲಯದ ನೆನಪಾಗುವುದು ಸಹಜ. ಇವರು ವಂಗ ಮನೆತನದ ರಾಯ್. ಸತ್ತು ಎಂಬತ್ತು ವರ್ಷಗಳ ಮೇಲಾದವರನ್ನು ಬರಿಯ ಹೆಸರಿನಿಂದ ಕರೆಯಲು ಮನಸ್ಸು ಬಾರದೆ ನಾನು ರಾಯರು ಎಂದೇ ಬರೆಯುತ್ತೇನೆ.

ಅವರು ಹುಟ್ಟಿದ್ದು 1892ರಲ್ಲಿ, ಕಟಕದಲ್ಲಿ, ಸ್ಥಿತಿವಂತರಾದ ಬಂಗಾಳಿ ಕುಟುಂಬದಲ್ಲಿ. ಕೆಲವು ವರ್ಷ ಶಾಂತಿನಿಕೇತನದಲ್ಲಿ ಇದ್ದರು. ಕಲ್ಕತ್ತೆಯಲ್ಲಿ ಕಾನೂನು ಓದಿ, ಬ್ಯಾರಿಸ್ಟರಾಗಲೆಂದು ಲಂಡನ್ನಿಗೆ ಹೋದರು. ಆ ಕಾಲದಲ್ಲಿ ಉಳ್ಳವರ ಮಕ್ಕಳು ಬ್ಯಾರಿಸ್ಟರಾಗಲು ಹಡಗು ಹತ್ತುವುದು ವಾಡಿಕೆ. ಹತ್ತಿದವರೆಲ್ಲ ಬ್ಯಾರಿಸ್ಟರಾಗಿ ಇಳಿಯುತ್ತಿರಲಿಲ್ಲ. ರಾಯರು ಅಲ್ಲಿ ನಾಟಕದ ಕಡೆ ತಿರುಗಿದರು. ದೇಶಭಕ್ತ ಬಿಪಿನ್ ಚಂದ್ರ ಪಾಲರ ಮಗ ನಿರಂಜನ ಪಾಲ್ ಆಗ ಲಂಡನ್ನಿನಲ್ಲಿ ನಾಟಕಗಳನ್ನು ಬರೆಯುತ್ತಿದ್ದರು. ಅವರ ನಾಟಕದಲ್ಲಿ ರಾಯರು ವೇಷ ಹಾಕಿದರು. ಈ ಇಬ್ಬರ ಗೆಳೆತನ ಮುಂದೆ ಹನ್ನೆರಡು ಹದಿನೈದು ವರ್ಷ ನಡೆದು ಕೊನೆಗೆ ಮುರಿದುಬಿದ್ದಿತು. ಆದರೆ ನಡೆದಷ್ಟು ಕಾಲ ಪಾಲರ ಕಥೆ, ರಾಯರ ಓಡಾಟ, ಎರಡೂ ಒಂದಕ್ಕೊಂದು ಹೊಂದಿಕೊಂಡವು.

ಆ ಓಡಾಟವೇ ರಾಯರ ಪ್ರತಿಭೆ ಎಂದು ನನ್ನ ಎಣಿಕೆ. ಅವರು ನಟರಾಗಿ ಸಾಧಾರಣರು. ಚಿತ್ರಗಳನ್ನು ನೋಡಿದರೆ ಇದು ತಿಳಿಯುತ್ತದೆ. ಆದರೆ ಬೇರೆ ಬೇರೆ ದೇಶದ, ಬೇರೆ ಬೇರೆ ಸ್ವಾರ್ಥದ ಜನರನ್ನು ಒಂದು ಕೆಲಸಕ್ಕೆ ಒಪ್ಪಿಸುವುದರಲ್ಲಿ ಅವರಿಗೆ ಸಮನಾದವರು ನಮ್ಮ ಚಿತ್ರರಂಗದಲ್ಲಿ ಆಗ ಇರಲಿಲ್ಲ. ಎಡ್ವಿನ್ ಆರ್ನಾಲ್ಡ್ ಕವಿಯು ಬುದ್ಧನ ಜೀವನವನ್ನು ಕುರಿತು ಬರೆದ 'ದಿ ಲೈಟ್ ಆಫ್ ಏಷ್ಯಾ' ಎಂಬ ಕಾವ್ಯವನ್ನು ಆಧರಿಸಿ ಪಾಲರು ಚಿತ್ರಕಥೆ ಬರೆದರು. ಅದನ್ನು ಹಿಡಿದು ರಾಯರು ಜರ್ಮನಿಯ ಮ್ಯೂನಿಕ್ ನಗರದ ಎಮೆಲ್ಕಾ ಸಂಸ್ಥೆಯ ಬಾಗಿಲು ತಟ್ಟಿದರು. ನಿರ್ದೇಶಕ, ಛಾಯಾಗ್ರಾಹಕ, ಯಂತ್ರ ಸಾಮಗ್ರಿ ಜರ್ಮನರದು. ನಟವರ್ಗ, ದೃಶ್ಯಸ್ಥಳ, ಭಾರತದಲ್ಲಾಗುವ ಖರ್ಚು ಭಾರತೀಯರದು ಎಂದು ಒಪ್ಪಂದವಾಯಿತು. ಕಿಸೆಯಲ್ಲಿ ಹಣವಿಲ್ಲದವನು ಪರದೇಶದ ಕಂಪನಿಯ ಮುಂದೆ ಕುಳಿತು ಇಂಥ ಕರಾರು ಮಾಡಿಕೊಂಡು, ಆಮೇಲೆ ಊರಿಗೆ ಬಂದು ಆ ಹಣವನ್ನು ಹುಡುಕಿದ್ದು ಸಣ್ಣ ಧೈರ್ಯವಲ್ಲ. ನಿರ್ದೇಶಕ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಮೊದಲಾದವರು 1925ರಲ್ಲಿ ಭಾರತಕ್ಕೆ ಬಂದಿಳಿದರು. ಜಯಪುರದ ಮಹಾರಾಜರು ಆನೆ ಕುದುರೆಗಳನ್ನು ಒದಗಿಸಿದರು. ಬುದ್ಧನ ಪಾತ್ರವನ್ನು ರಾಯರೇ ವಹಿಸಿದರು. ಚಿತ್ರ ಯೂರೋಪಿನಲ್ಲಿ ಹೆಸರು ಗಳಿಸಿತು, ಲಂಡನ್ನಿನಲ್ಲಿ ಹಲವು ತಿಂಗಳು ಓಡಿತು. ನಮ್ಮ ದೇಶದಲ್ಲಿ ಮಾತ್ರ ಹಾಕಿದ ಹಣ ಬರಲಿಲ್ಲ.

ಇದಾದ ಮೇಲೆ ತಾಜಮಹಲಿನ ಕಥೆಯಾದ 'ಶಿರಾಜ್' 1928ರಲ್ಲಿ, ಮಹಾಭಾರತದ ದ್ಯೂತಪ್ರಸಂಗದ ನೆರಳಿನಲ್ಲಿ ಹೆಣೆದ 'ಎ ಥ್ರೋ ಆಫ್ ಡೈಸ್' 1929ರಲ್ಲಿ ಬಂದವು. ಎರಡನೆಯದರಲ್ಲಿ ರಾಯರು ಖಳನ ಪಾತ್ರ ವಹಿಸಿದರು. ಬುದ್ಧನಿಗಿಂತ ಅವರಿಗೆ ಇದೇ ಚೆನ್ನಾಗಿ ಒಪ್ಪುತ್ತದೆ. ಈ ಮೂಕಚಿತ್ರಗಳು ನಷ್ಟವಾಗದೆ ಉಳಿದು, ನಮ್ಮ ಕಾಲದಲ್ಲಿ ಲಂಡನ್ನಿನಲ್ಲಿ ಜೀರ್ಣೋದ್ಧಾರಗೊಂಡು, ಹೊಸ ಸಂಗೀತದೊಡನೆ ಮತ್ತೆ ಪ್ರದರ್ಶನಗೊಂಡಿವೆ. 'ಶಿರಾಜ್'ಗೆ 2017ರಲ್ಲಿ ಹೊಸ ಸಂಗೀತ ಕೂಡಿಸಿದವರು ಅನೌಷ್ಕಾ ಶಂಕರ್.

ಲಂಡನ್ನಿನಲ್ಲಿ ರಾಯರು ದೇವಿಕಾ ರಾಣಿಯವರನ್ನು ಕಂಡದ್ದು 1928ರಲ್ಲಿ. ಆಕೆ ವಾಲ್ಟೇರಿನಲ್ಲಿ ಹುಟ್ಟಿದವರು, ಠಾಕೂರ್ ಮನೆತನದ ನೆಂಟರು, ಲಂಡನ್ನಿನಲ್ಲಿ ನಾಟಕಕಲೆಯನ್ನೂ ಬಟ್ಟೆಯ ವಿನ್ಯಾಸವನ್ನೂ ಕಲಿತವರು. ಮರುವರ್ಷ ಮದುವೆಯಾಯಿತು. ರಾಯರಿಗೆ ಅದಕ್ಕೆ ಮುಂಚೆ ಜರ್ಮನ್ ಮಹಿಳೆಯೊಬ್ಬಳೊಡನೆ ಸಂಸಾರವಾಗಿ ಒಬ್ಬ ಮಗಳಿದ್ದಳು ಎಂಬುದನ್ನು ಅವರನ್ನು ಹೊಗಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ದೊಡ್ಡ ಕೆಲಸ ಮಾಡಿದವರ ಮನೆಯ ಲೆಕ್ಕವನ್ನು ಯಾರೋ ಹೆಂಗಸು ತೆರುವುದು ಜೀವನಚರಿತ್ರೆಗಳಲ್ಲಿ ಮೇಲಿಂದ ಮೇಲೆ ಕಾಣುತ್ತದೆ.

ದಂಪತಿಗಳು ಬರ್ಲಿನ್ನಿನ ಊಫಾ ಸ್ಟುಡಿಯೋದಲ್ಲಿ ಕೆಲಸ ನೋಡಿ ಕಲಿತರು. ಅಷ್ಟರಲ್ಲಿ ಚಿತ್ರಗಳಿಗೆ ಮಾತು ಬಂದಿತು. ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತೆಗೆದ 'ಕರ್ಮ' 1933ರಲ್ಲಿ ಲಂಡನ್ನಿನಲ್ಲಿ ತೆರೆ ಕಂಡಿತು. ದೇವಿಕಾ ರಾಣಿಯವರ ಇಂಗ್ಲಿಷ್ ಉಚ್ಚಾರಣೆಯನ್ನು ಅಲ್ಲಿಯವರು ಕೊಂಡಾಡಿದರು. ಹಿಂದಿಯ ಪ್ರತಿ ಇಲ್ಲಿ ಸೋತಿತು. ಅದೇ ವರ್ಷದ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ಜರ್ಮನಿಯ ಹಣದಿಂದ ಭಾರತದ ಕಥೆ ತೆಗೆಯುವ ಕಾಲ ಮುಗಿದಿತ್ತು. ರಾಯರು ಹೆಂಡತಿಯೊಡನೆ ಊರಿಗೆ ಹಿಂದಿರುಗಿದರು. ವಯಸ್ಸು ನಲವತ್ತು ದಾಟಿತ್ತು. ಕೈಯಲ್ಲಿ ಕೀರ್ತಿಯಿತ್ತು, ದುಡ್ಡಿರಲಿಲ್ಲ.

ಇಲ್ಲಿಂದ ಮುಂದಿನ ಆರು ವರ್ಷಗಳೇ ಅವರ ನಿಜವಾದ ಜೀವನ.

ಆ ಕಾಲದ ಚಿತ್ರೋದ್ಯಮ ಹೇಗಿತ್ತೆಂಬುದನ್ನು ಹೇಳದೆ ರಾಯರು ಮಾಡಿದ್ದೇನೆಂಬುದು ತಿಳಿಯುವಂತಿಲ್ಲ. ನಿರ್ಮಾಪಕನಾದವನು ಸಾಹುಕಾರನ ಬಳಿ ದೊಡ್ಡ ಬಡ್ಡಿಗೆ ಸಾಲ ತರುತ್ತಿದ್ದ. ಚಿತ್ರ ಓಡಿದರೆ ಮತ್ತೊಂದು ಚಿತ್ರ, ಬಿದ್ದರೆ ಸ್ಟುಡಿಯೋಗೆ ಬೀಗ. ಮರ್ಯಾದಸ್ತರೆನಿಸಿಕೊಂಡವರು ತಮ್ಮ ಮಕ್ಕಳನ್ನು ಅತ್ತ ಕಳಿಸುತ್ತಿರಲಿಲ್ಲ. ರಾಯರು 1934ರಲ್ಲಿ ಬಾಂಬೆ ಟಾಕೀಸ್ ಎಂಬ ಹೆಸರಿನಲ್ಲಿ ಷೇರು ಕಂಪನಿಯೊಂದನ್ನು ಸ್ಥಾಪಿಸಿದರು. ಎಫ್. ಇ. ದಿನ್‌ಶಾ, ಸರ್ ಚಿಮನ್‌ಲಾಲ್ ಸೆತಲ್ವಾಡ್, ಸರ್ ಫಿರೋಜ್ ಸೇಠ್ನಾ ಇಂಥ ದೊಡ್ಡ ಮನುಷ್ಯರು ಅದರ ಆಡಳಿತ ಮಂಡಳಿಯಲ್ಲಿ ಕುಳಿತರು. ಗಿರಣಿಗೋ ಬ್ಯಾಂಕಿಗೋ ಹಣ ಹಾಕುವಂತೆ ಚಲಚ್ಚಿತ್ರಕ್ಕೂ ಹಾಕಬಹುದು, ವರ್ಷದ ಕೊನೆಗೆ ಲೆಕ್ಕ ನೋಡಬಹುದು ಎಂಬುದು ಜನಕ್ಕೆ ಹೊಸದು. ಲಾಭಾಂಶವನ್ನೂ ಕಂಪನಿ ಹಂಚಿತು. ಮುಂಬಯಿಯ ಉತ್ತರಕ್ಕೆ ಮಲಾಡಿನಲ್ಲಿ ದಿನ್‌ಶಾ ಅವರಿಗೆ ಸೇರಿದ ಬಂಗಲೆ ಮತ್ತು ತೋಟದಲ್ಲಿ ಸ್ಟುಡಿಯೋ ಎದ್ದಿತು. ಧ್ವನಿ ತಡೆಯುವ ಗೋಡೆಗಳ ಚಿತ್ರೀಕರಣ ಶಾಲೆ, ಫಿಲ್ಮು ತೊಳೆಯುವ ಪ್ರಯೋಗಶಾಲೆ, ಸಂಕಲನದ ಕೋಣೆ, ಎಲ್ಲವೂ ಒಂದೇ ಆವರಣದಲ್ಲಿ. ಓಸ್ಟನ್, ವಿರ್ಶಿಂಗ್ ಮತ್ತೆ ಬಂದರು. ಓಸ್ಟನ್ನಿಗೆ ಹಿಂದಿ ಬಾರದು. ಆದರೂ ಮೊದಲ ಐದು ವರ್ಷದ ಬಹುಪಾಲು ಚಿತ್ರಗಳನ್ನು ಅವನೇ ನಿರ್ದೇಶಿಸಿದ. ಮಾತಿನ ಹೊಣೆ ಬೇರೆಯವರದು, ದೃಶ್ಯದ ಹೊಣೆ ಅವನದು. ಹೀಗೆ ಕೆಲಸವನ್ನು ಪಾಲು ಮಾಡಿ, ಪಾಲು ಮಾಡಿದ್ದನ್ನು ಮತ್ತೆ ಕೂಡಿಸುವುದು ರಾಯರ ಕಲೆ.

ನಟನಿರಲಿ, ಬಡಗಿಯಿರಲಿ, ಎಲ್ಲರಿಗೂ ತಿಂಗಳ ಸಂಬಳ. ಕ್ಯಾಮೆರಾ ತಿರುಗುವ ಮೊದಲೇ ಕಥೆ ಪೂರ್ತಿಯಾಗಿ ಕಾಗದದ ಮೇಲಿರಬೇಕು. ಕೆಲಸಕ್ಕೆ ಆದಷ್ಟೂ ವಿಶ್ವವಿದ್ಯಾನಿಲಯದ ಪದವೀಧರರನ್ನೇ ತೆಗೆದುಕೊಳ್ಳಬೇಕೆಂಬುದು ರಾಯರ ಹಟ. ಸಂದರ್ಶನವನ್ನು ತಾವೇ ಮಾಡುತ್ತಿದ್ದರು. ಭೌತಶಾಸ್ತ್ರ ಓದಿದ ಶಶಧರ ಮುಖರ್ಜಿ ಧ್ವನಿ ವಿಭಾಗಕ್ಕೆ ಸೇರಿ ಮುಂದೆ ದೊಡ್ಡ ನಿರ್ಮಾಪಕರಾದರು. ಅವರ ಹೆಂಡತಿಯ ಅಣ್ಣ ಕುಮುದಲಾಲ್ ಗಂಗೂಲಿ ಎಂಬ ಕಾನೂನು ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ಸಹಾಯಕನಾದ. ಸಂಗೀತಕ್ಕೆ ಖುರ್ಷೀದ್ ಹೋಮ್‌ಜಿ ಎಂಬ, ಲಖನೌದಲ್ಲಿ ಶಾಸ್ತ್ರೀಯವಾಗಿ ಕಲಿತ ಪಾರ್ಸಿ ಮಹಿಳೆಯನ್ನು ಕರೆತಂದರು. ಪಾರ್ಸಿ ಹೆಣ್ಣುಮಕ್ಕಳು ಸಿನಿಮಾ ಸೇರುವುದೇ ಎಂದು ಆ ಸಮಾಜದಲ್ಲಿ ಗಲಭೆಯೆದ್ದಿತು. ಆಡಳಿತ ಮಂಡಳಿಯಲ್ಲಿ ಪಾರ್ಸಿ ಶ್ರೀಮಂತರಿದ್ದರೂ ರಾಯರು ಆಕೆಯನ್ನು ಬಿಡಲಿಲ್ಲ. ಸರಸ್ವತಿ ದೇವಿ ಎಂದು ಹೆಸರು ಬದಲಿಸಿದರು, ಕೆಲಸ ಮುಂದುವರಿಸಿದರು. ನಮ್ಮ ದೇಶದ ಮೊದಲ ಮಹಿಳಾ ಸಂಗೀತ ನಿರ್ದೇಶಕರಲ್ಲಿ ಅವರೊಬ್ಬರು.

ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುವವರಲ್ಲಿ ನಾನೇ ಮೊದಲನೆಯವನು. ಬಿ.ಎ. ಮುಗಿಸಿ ಏನು ಮಾಡುತ್ತೀಯೆ ಎಂದು ಊರಿಗೆ ಹೋದಾಗಲೆಲ್ಲ ಕೇಳುತ್ತಾರೆ. ಗುಮಾಸ್ತ, ಮೇಷ್ಟ್ರು, ಪೊಲೀಸು, ಇವಿಷ್ಟರಲ್ಲೇ ಉತ್ತರ ಮುಗಿಯಬೇಕು. ಆದ್ದರಿಂದಲೇ ರಾಯರು ಪದವೀಧರರನ್ನು ಹುಡುಕಿಕೊಂಡು ಹೋದ ಸಂಗತಿ ನನ್ನ ಮನಸ್ಸಿಗೆ ನಾಟಿತು. ಓದಿದವನ ಓದು ಇಂಥಲ್ಲಿಗೂ ಬೇಕಾಗುತ್ತದೆ ಎಂದು ಎಂಬತ್ತು ತೊಂಬತ್ತು ವರ್ಷಗಳ ಹಿಂದೆಯೇ ಒಬ್ಬರು ನಂಬಿ, ಆ ನಂಬಿಕೆಯ ಮೇಲೆ ಬಂಡವಾಳ ಹೂಡಿದ್ದರು.

ಅದಕ್ಕಿಂತಲೂ ಹೆಚ್ಚಾಗಿ ನಾಟಿದ್ದು ಮತ್ತೊಂದು ಸಂಗತಿ. ಬಾಂಬೆ ಟಾಕೀಸಿನ ಕ್ಯಾಂಟೀನಿನಲ್ಲಿ ಯಾವ ಜಾತಿಯವರೇ ಆಗಲಿ ಒಟ್ಟಿಗೆ ಕುಳಿತು ಉಣ್ಣಬೇಕಾಗಿತ್ತಂತೆ. ಹೆಸರಾಂತ ನಟರು ಸಹ ಅಗತ್ಯ ಬಿದ್ದರೆ ನೆಲ ಗುಡಿಸುತ್ತಿದ್ದರೆಂದು ಆಗ ಜನ ಆಡಿಕೊಳ್ಳುತ್ತಿದ್ದರು. ಇದರಲ್ಲಿ ಪ್ರಚಾರದ ಪಾಲು ಎಷ್ಟೋ ಇರಬಹುದು. ಆದರೆ ಕಾಲವನ್ನು ನೆನೆಯಬೇಕು. ನಮ್ಮ ತಾತ ಹುಡುಗನಾಗಿದ್ದಾಗ ಊರ ಹೋಟೆಲಿನಲ್ಲಿ ನಮ್ಮವರಿಗೆ ಲೋಟ ಕೊಡುತ್ತಿರಲಿಲ್ಲ, ಹೊರಗೆ ನಿಲ್ಲಿಸಿ ಕರಟದಲ್ಲಿ ಟೀ ಹುಯ್ಯುತ್ತಿದ್ದರು. ಅದು ಸ್ವಾತಂತ್ರ್ಯ ಬಂದ ಮೇಲಿನ ಮಾತು. ಹಾಗಿರುವಾಗ 1930ರ ದಶಕದಲ್ಲಿ ಒಂದು ಕಂಪನಿ ತನ್ನ ಊಟದ ಮನೆಗೆ ಇಂಥ ನಿಯಮ ಮಾಡಿದ್ದು, ಅದನ್ನು ಬಚ್ಚಿಡದೆ ಹೇಳಿಕೊಂಡದ್ದು, ಕಡಮೆಯೇನಲ್ಲ.

ಇನ್ನು ಆ ಪ್ರಸಿದ್ಧ ಪ್ರಕರಣ. ಕಂಪನಿಯ ಮೊದಲ ಚಿತ್ರ 'ಜವಾನಿ ಕಿ ಹವಾ' 1935ರಲ್ಲಿ ಬಂದಿತು. ಅದರ ನಾಯಕ ನಜ್ಮುಲ್ ಹುಸೇನ್. ಮುಂದಿನ ಚಿತ್ರ 'ಜೀವನ್ ನೈಯ್ಯಾ' ಅರ್ಧ ನಡೆದಿರುವಾಗ ದೇವಿಕಾ ರಾಣಿಯವರು ಅವನೊಡನೆ ಕಲ್ಕತ್ತೆಗೆ ಹೊರಟುಹೋದರು. ಗಂಡನಾದವನಿಗೆ ಅವಮಾನ, ಕಂಪನಿಯ ಒಡೆಯನಿಗೆ ಸರ್ವನಾಶ, ಎರಡೂ ಒಂದೇ ದಿನ. ಷೇರುದಾರರ ಹಣದಲ್ಲಿ ತೆಗೆದ ಅರ್ಧ ಚಿತ್ರ ಡಬ್ಬಿಯಲ್ಲಿದೆ, ನಾಯಕಿ ಇಲ್ಲ, ನಾಯಕ ಇಲ್ಲ. ಶಶಧರ ಮುಖರ್ಜಿ ಮಧ್ಯಸ್ಥಿಕೆ ವಹಿಸಿ ಆಕೆಯನ್ನು ಹಿಂದಕ್ಕೆ ಕರೆತಂದರು. ಹಿಂದೂ ಕಾನೂನಿನಲ್ಲಿ ಆಗ ವಿಚ್ಛೇದನವೇ ಇರಲಿಲ್ಲ ಎಂಬುದನ್ನು ಈ ಕಥೆಯನ್ನು ಕಣ್ಣು ಮಿಟುಕಿಸಿ ಹೇಳುವವರು ಮರೆಯುತ್ತಾರೆ. ಆಕೆ ಹಿಂದಿರುಗಿದ್ದು ಪ್ರೀತಿಯಿಂದಲೋ ದಾರಿಯಿಲ್ಲದೆಯೋ, ಹೊರಗಿನವರಾದ ನಾವು ತೀರ್ಪು ಹೇಳಲಾಗದು. ರಾಯರು ಆಕೆಯನ್ನು ಮತ್ತೆ ನಾಯಕಿಯಾಗಿ ನಿಲ್ಲಿಸಿದರು. ನಜ್ಮುಲ್ ಹುಸೇನನಿಗೆ ಮಾತ್ರ ಆ ಬಾಗಿಲು ಮುಚ್ಚಿತು.

ನಾಯಕನ ಜಾಗಕ್ಕೆ ಅವರು ಆರಿಸಿದ್ದು ಪ್ರಯೋಗಶಾಲೆಯ ಕುಮುದಲಾಲ್ ಗಂಗೂಲಿಯನ್ನು. ಹುಡುಗ ನಾಚಿಕೆಯವನು, ನಟನೆ ಬೇಡವೆನ್ನುತ್ತಿದ್ದವನು. ಅವನ ಮುಖ ಇದಕ್ಕೆ ಒಗ್ಗದೆಂದು ಓಸ್ಟನ್ ಕೂಡ ತಳ್ಳಿಹಾಕಿದ್ದ. ರಾಯರು ಒಪ್ಪಲಿಲ್ಲ. ಅಶೋಕ್ ಕುಮಾರ್ ಎಂದು ಹೆಸರಿಟ್ಟು ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಆ ಅಂಜುಬುರುಕ ಹುಡುಗ ಆಮೇಲೆ ಅರುವತ್ತು ವರ್ಷ ನಟಿಸಿದ್ದು ಎಲ್ಲರಿಗೂ ಗೊತ್ತಿದೆ. ಒಂದು ಮಾತು ಇಲ್ಲಿ ಹೇಳಬೇಕು. ಆ ದಿನ ರಾಯರು ಪೇಟೆಯಲ್ಲಿ ಹೆಸರಿದ್ದ ನಟನೊಬ್ಬನನ್ನು ಕರೆತರಬಹುದಾಗಿತ್ತು. ಮನೆ ಮುರಿದ ಗಾಯ ಇನ್ನೂ ಹಸಿಯಾಗಿರುವಾಗ ಹೊಸಬನ ಮೇಲೆ ನಂಬಿಕೆಯಿಡುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಅದೇ 1936ರಲ್ಲಿ 'ಅಛೂತ್ ಕನ್ಯಾ' ಬಂದಿತು. ನಿರಂಜನ ಪಾಲರ ಕಥೆ. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನೊಬ್ಬ ಬ್ರಾಹ್ಮಣ ಅಂಗಡಿಯವನನ್ನು ಹಾವಿನ ವಿಷದಿಂದ ಉಳಿಸುತ್ತಾನೆ, ಇಬ್ಬರೂ ಗೆಳೆಯರಾಗುತ್ತಾರೆ, ಒಬ್ಬನ ಮಗಳು ಕಸ್ತೂರಿ, ಇನ್ನೊಬ್ಬನ ಮಗ ಪ್ರತಾಪ, ಜೊತೆಗೇ ಬೆಳೆದು ಪ್ರೀತಿಸುತ್ತಾರೆ. ಊರು ಒಪ್ಪುವುದಿಲ್ಲ. ಇಬ್ಬರಿಗೂ ಅವರವರ ಜಾತಿಯಲ್ಲಿ ಮದುವೆಯಾಗುತ್ತದೆ. ಕೊನೆಗೆ ಅದೇ ರೈಲ್ವೆ ಗೇಟಿನ ಬಳಿ ಕಸ್ತೂರಿಯ ಗಂಡನೂ ಪ್ರತಾಪನೂ ಹೊಡೆದಾಡುವಾಗ, ಬರುವ ರೈಲನ್ನು ತಡೆಯಲು ಓಡಿದ ಕಸ್ತೂರಿ ಗಾಲಿಗೆ ಸಿಕ್ಕಿ ಸಾಯುತ್ತಾಳೆ. ಚಿತ್ರ ದೇಶದ ಉದ್ದಗಲಕ್ಕೂ ಗೆದ್ದಿತು. ಪ್ರತಿಗಳು ಸವೆದಿದ್ದರೂ ಅದು ಇಂದಿಗೂ ನೋಡಲು ಸಿಗುತ್ತದೆ. ನಾನು ಎರಡು ಬಾರಿ ನೋಡಿದೆ. ಮೊದಲ ಬಾರಿ ಕಣ್ಣು ಒದ್ದೆಯಾಯಿತು. ಎರಡನೆಯ ಬಾರಿ ಸಿಟ್ಟು ಬಂದಿತು. ಸಾಯುವವಳು ಕಸ್ತೂರಿಯೇ ಏಕೆ? ಊರಿನವರು ಅವಳಿಗೆ ಗುಡಿ ಕಟ್ಟುವುದು ಸುಲಭ, ಬದುಕಿದ್ದಾಗ ಮನೆಯೊಳಕ್ಕೆ ಸೇರಿಸಿಕೊಳ್ಳುವುದು ಕಷ್ಟ. ತಪ್ಪಾದರೂ ಯಾರದು? ಚಿತ್ರದಲ್ಲಿ ನಾಲ್ಕು ಜನ ಕೆಟ್ಟವರ ಚಾಡಿಯಿಂದ ಎಲ್ಲವೂ ಕೆಡುತ್ತದೆ. ಚಾಡಿ ಹೇಳುವವರಿಲ್ಲದಿದ್ದರೆ ಊರು ಒಳ್ಳೆಯದೇ ಎಂಬಂತೆ. ಅದೇ 1936ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಲಾಹೋರಿನ ಸಭೆಗಾಗಿ ಜಾತಿ ವಿನಾಶದ ಭಾಷಣವನ್ನು ಬರೆದದ್ದು, ಕರೆದವರೇ ಹೆದರಿ ಆ ಸಭೆಯನ್ನು ರದ್ದು ಮಾಡಿದ್ದು. ಆ ಭಾಷಣ ಮುಟ್ಟಿದ ಬೇರನ್ನು ಈ ಚಿತ್ರ ಮುಟ್ಟುವುದಿಲ್ಲ. ನಮ್ಮ ಅಧ್ಯಾಪಕರೊಬ್ಬರು, ಹಣ ಹಾಕಿ ತೆಗೆಯುವ ಚಿತ್ರದಿಂದ ಅಷ್ಟನ್ನು ಬೇಡಬಾರದು ಎಂದು ನನಗೆ ಹೇಳಿದರು. ಇರಬಹುದು. ಷೇರುದಾರರಿಗೆ ಉತ್ತರ ಹೇಳಬೇಕಾದ ಕಂಪನಿಯೊಂದು ಅಂಥ ಹೆಸರಿನ ಚಿತ್ರವನ್ನು ತೆಗೆದು, ಊರೂರ ಟಾಕೀಸುಗಳಲ್ಲಿ ಆ ಹೆಸರಿನ ದೊಡ್ಡ ಭಿತ್ತಿಪತ್ರ ಅಂಟಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕಸ್ತೂರಿ ಬದುಕಬೇಕಿತ್ತು.

ಆಮೇಲೆ 'ಜನ್ಮಭೂಮಿ', 'ಸಾವಿತ್ರಿ', 'ಇಜ್ಜತ್', 'ನಿರ್ಮಲಾ', 'ದುರ್ಗಾ' ಹೀಗೆ ವರ್ಷಕ್ಕೆ ಮೂರು ನಾಲ್ಕು ಚಿತ್ರಗಳು. ಎಲ್ಲವೂ ಒಂದೇ ಸಮನಲ್ಲ. ಕೆಲವನ್ನು ಕರ್ತವ್ಯಕ್ಕೆಂದು ತೆಗೆದಂತಿದೆ. ನಿರಂಜನ ಪಾಲರು ಬೇಸರಗೊಂಡು ಹೊರಗೆ ಹೋದರು. ದೇವಿಕಾ ರಾಣಿಯವರು ಕ್ರಮೇಣ ತೆರೆಯಿಂದ ಹಿಂದೆ ಸರಿಯುತ್ತ ಬಂದಂತೆ ಹೊಸ ನಾಯಕಿ ಬೇಕಾಯಿತು. ಆ ಜಾಗಕ್ಕೆ ಬಂದವರು ಲೀಲಾ ಚಿಟ್ನೀಸ್. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1909ರಲ್ಲಿ, ಅವರೂ ಪದವೀಧರೆ. 1939ರ 'ಕಂಗನ್' ಚಿತ್ರದಲ್ಲಿ ಅಶೋಕ್ ಕುಮಾರರೊಡನೆ ನಟಿಸಿ ಒಂದೇ ಚಿತ್ರದಿಂದ ಮನೆಮಾತಾದರು.

ಆದರೆ 'ಕಂಗನ್' ಮುಗಿಯುವ ಮೊದಲೇ ಸಿಡಿಲು ಬಡಿಯಿತು. 1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸರಕಾರ ಇಲ್ಲಿದ್ದ ಜರ್ಮನರನ್ನೆಲ್ಲ ಹಿಡಿದು ಸೆರೆಶಿಬಿರಗಳಿಗೆ ಹಾಕಿತು. ಓಸ್ಟನ್, ವಿರ್ಶಿಂಗ್, ಇತರ ತಂತ್ರಜ್ಞರು ಸ್ಟುಡಿಯೋದಿಂದ ನೇರವಾಗಿ ಬಂಧನಕ್ಕೆ ಹೋದರು. ಓಸ್ಟನ್ 1936ರಲ್ಲೇ ನಾಜಿ ಪಕ್ಷದ ಸದಸ್ಯನಾಗಿದ್ದ. ಬುದ್ಧನ ಚಿತ್ರವನ್ನೂ ಅಸ್ಪೃಶ್ಯ ಕನ್ಯೆಯ ಚಿತ್ರವನ್ನೂ ತೆಗೆದ ಕೈ ಅಂಥ ಪಕ್ಷದ ಪಟ್ಟಿಗೆ ಸಹಿ ಹಾಕಿತೆಂಬುದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯದು. ರಾಯರ ಪಾಲಿಗೆ ಅದು ಹದಿನಾಲ್ಕು ವರ್ಷ ಜೊತೆಗೆ ದುಡಿದವರನ್ನು ಕಳೆದುಕೊಂಡ ಸಂಕಟ. ಉಳಿದ ಕೆಲಸವನ್ನು ಭಾರತೀಯ ಸಹಾಯಕರು ಮುಗಿಸಿದರು, ಚಿತ್ರ ಗೆದ್ದಿತು. ಪದವೀಧರ ಹುಡುಗರಿಗೆ ಕಲಿಸಿದ್ದು ಆಗ ಕೈಹಿಡಿಯಿತು. ಆದರೆ ಕಲಿಸಿದವರು ಮುರಿದಿದ್ದರು. ಕೆಲಸದ ಭಾರ, ಮನೆಯೊಳಗಿನ ಬಿರುಕು, ಯುದ್ಧಕಾಲದ ಚಿಂತೆ ಎಲ್ಲ ಸೇರಿ ನರಗಳು ಸೋತವು. 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯರು ತೀರಿಕೊಂಡರು. ಐವತ್ತು ಕೂಡ ತುಂಬಿರಲಿಲ್ಲ.

ಕಂಪನಿಯ ಹೊಣೆ ದೇವಿಕಾ ರಾಣಿಯವರ ಮೇಲೆ ಬಿದ್ದಿತು. ಗಂಡಸರೇ ತುಂಬಿದ ಆ ವ್ಯವಹಾರದಲ್ಲಿ ಆಕೆ ಐದು ವರ್ಷ ಸ್ಟುಡಿಯೋ ನಡೆಸಿದರು. 'ಕಿಸ್ಮತ್' 1943ರಲ್ಲಿ ಬಂದು ಹಿಂದೆಂದೂ ಕಾಣದಷ್ಟು ಕಾಲ ಓಡಿದ್ದು ಆಕೆಯ ಕಾಲದಲ್ಲಿ. ಯೂಸುಫ್ ಖಾನ್ ಎಂಬ ತರುಣನನ್ನು ದಿಲೀಪ್ ಕುಮಾರನನ್ನಾಗಿ ಮಾಡಿದವರೂ ಆಕೆಯೇ. ಆದರೆ ಗುಂಪುಗಳಾದವು, ಮುಖರ್ಜಿಯವರೂ ಅಶೋಕ್ ಕುಮಾರರೂ ಹೊರಹೋಗಿ ಫಿಲ್ಮಿಸ್ತಾನ್ ಕಟ್ಟಿದರು. 1945ರಲ್ಲಿ ದೇವಿಕಾ ರಾಣಿಯವರು ಚಿತ್ರರಂಗವನ್ನೇ ಬಿಟ್ಟು ರಷ್ಯದ ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಕ್‌ರನ್ನು ಮದುವೆಯಾದರು. ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊತ್ತಮೊದಲು ಪಡೆದವರು ಅವರೇ. 1994ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲೇ ಕಣ್ಣುಮುಚ್ಚಿದರು. ಆ ತೋಟದ ಹೆಸರು ಪತ್ರಿಕೆಗಳಲ್ಲಿ ಆಮೇಲೆ ಬಂದದ್ದೆಲ್ಲ ಹೆಚ್ಚಾಗಿ ಆಸ್ತಿ ವ್ಯಾಜ್ಯದ ಸಂಬಂಧವಾಗಿ.

ಬಾಂಬೆ ಟಾಕೀಸು 1950ರ ದಶಕದ ನಡುವೆ ಮುಚ್ಚಿಹೋಯಿತು. ಮಲಾಡಿನ ಆ ಜಾಗದಲ್ಲಿ ಸಣ್ಣಪುಟ್ಟ ಕಾರ್ಖಾನೆಗಳು, ಮಳಿಗೆಗಳು ತುಂಬಿಕೊಂಡವು. ಜರ್ಮನ್ ಮಗಳ ಕಡೆಯ ವಂಶದವರು ಜೋಪಾನ ಮಾಡಿದ್ದ ರಾಯರ ಕಾಗದಪತ್ರ, ಛಾಯಾಚಿತ್ರ, ಭಿತ್ತಿಪತ್ರಗಳನ್ನು 2017ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಪ್ರದರ್ಶನಕ್ಕಿಟ್ಟರು.

ಓಸ್ಟನ್ ಜರ್ಮನಿಗೆ ಹಿಂದಿರುಗಿದ, ಮತ್ತೆ ಬರಲಿಲ್ಲ. ವಿರ್ಶಿಂಗ್ ಮಾತ್ರ ಯುದ್ಧ ಮುಗಿಯುವವರೆಗೆ ಸೆರೆಶಿಬಿರಗಳಲ್ಲಿದ್ದು, ಬಿಡುಗಡೆಯಾದ ಮೇಲೆ ಊರಿಗೆ ಹೋಗದೆ ಭಾರತದಲ್ಲೇ ಉಳಿದ. 1949ರಲ್ಲಿ ಬಾಂಬೆ ಟಾಕೀಸಿನ 'ಮಹಲ್' ಚಿತ್ರಕ್ಕೆ ಮತ್ತೆ ಕ್ಯಾಮೆರಾ ಹಿಡಿದ. ನಾಯಕ ಅದೇ ಪ್ರಯೋಗಶಾಲೆಯ ಹುಡುಗ ಅಶೋಕ್ ಕುಮಾರ್. ಅನಂತರ 'ಪಾಕೀಜಾ'ದ ಕೆಲಸ ಕೈಗೆತ್ತಿಕೊಂಡು, ಅದು ಮುಗಿಯುವ ಮೊದಲೇ 1967ರಲ್ಲಿ ತೀರಿಕೊಂಡ. ಆ ಚಿತ್ರ ತೆರೆಗೆ ಬಂದದ್ದು 1972ರಲ್ಲಿ.